ಮಗುಚಿ ಹಾಸಿದ ಪರಸಿ

ಕಮಲಾಪುರದ ರಾಮಣ್ಣನ ಮನೆಗೆ ಹತ್ತಿದ ಬೆಂಕಿ ಅಂತಿಂಥ ಬೆಂಕಿಯಲ್ಲ. ಅದರ ಹೊಗೆ ಹೆದ್ದಾರಿ ಹಿಡಿದು ಹುಮನಾಬಾದಿನ ತನಕ ನಡೆದು ಹೋಗಿ, ಅಲ್ಲಿ ಚಹಾದಂಗಡಿಯಲ್ಲಿ ಕೂತವರ ಕಣ್ಣಲ್ಲೆಲ್ಲ ನೀರು ತರಿಸಿ, ಸಂಜೆ ಬಸ್ಸಿಗೆ ವಾಪಸು ಬಂತು. ಊರ ಹೊರಗಿನ ತೋಟಗಳಲ್ಲಿ ಕೆಂಪು ಬಾಳೆಯ ಗೊನೆಗಳು ಆ ಶಾಖಕ್ಕೆ ಎಂಟು ದಿನ ಮೊದಲೇ ಹಣ್ಣಾದವು. ಇದರಲ್ಲಿ ನಾಲ್ಕಾಣೆ ಸುಳ್ಳಿದೆ ಎನ್ನುವವರು ರಾಮಣ್ಣನನ್ನೇ ಕೇಳಬಹುದು. ಅವನು ಅದನ್ನು ಹದಿನಾರಾಣೆ ಮಾಡಿ ಕೊಡುತ್ತಾನೆ.

ಆದದ್ದು ಇಷ್ಟು. ಅಡುಗೆಮನೆಯ ಸ್ವಿಚ್ ಬೋರ್ಡಿನಲ್ಲಿ ಹುಟ್ಟಿದ ಕಿಡಿ ಪಕ್ಕದ ತೊಗರಿ ಕಟ್ಟಿಗೆಯ ಹೊರೆಗೆ ಹಾರಿತು. ಕಟ್ಟಿಗೆಯಿಂದ ಮಾಳಿಗೆಯ ತೊಲೆಗೆ ಹತ್ತಿತು. ತೊಲೆಗಳು ನೆಲಕ್ಕೆ ಬಿದ್ದು, ಬಿದ್ದಲ್ಲೇ ಅರ್ಧ ದಿನ ನಿಗಿನಿಗಿ ಉರಿದವು. ಕೆಳಗೆ ಹಾಸಿದ್ದ ಶಹಾಬಾದಿನ ಪರಸಿ ಕಲ್ಲು ಕಾದು ಫಟ್ ಫಟ್ ಎಂದು ಸಿಡಿಯತೊಡಗಿದಾಗ ರಾಮಣ್ಣನ ಹೆಂಡತಿ ಹಣಮಮ್ಮ ಇನ್ನೂ ಅಡುಗೆಮನೆಯ ಮೂಲೆಯಲ್ಲೇ ಸಿಕ್ಕಿಕೊಂಡಿದ್ದಳು. ಓಣಿಯವರು ಹಿಂದಿನ ಗೋಡೆ ಒಡೆದು ಅವಳನ್ನು ಎಳೆದುಕೊಂಡರು. ಮೈಮೇಲೆ ಒಂದು ಬೊಬ್ಬೆಯೂ ಏಳಲಿಲ್ಲ. ಆದರೆ ಅಂದಿನಿಂದ ಒಗ್ಗರಣೆಯ ಸಾಸಿವೆ ಚಟ್ ಎಂದರೂ ಸಾಕು, ಸೌಟು ಕೈಯಲ್ಲಿ ಹಿಡಿದೇ ಬೀದಿಗೆ ಬಂದು ನಿಲ್ಲುತ್ತಿದ್ದಳು.

ಅವಳು ಕಲಬುರಗಿಗೆ, ಸ್ಟೇಶನ್ ಬಜಾರದಲ್ಲಿದ್ದ ತಂಗಿ ಕಾವೇರಿಯ ಮನೆಗೆ ಹೋದಳು. ಕಾವೇರಿ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದಳು. ಸುಮ್ಮನೆ ಕೂರಲಾರದೆ ಹಣಮಮ್ಮನೂ ಅಲ್ಲಿ ಚಾದರ ಮಡಚತೊಡಗಿದಳು. ಅವಳು ಮಡಚಿದ ಚಾದರದ ಅಂಚಿನಿಂದ ಗಡ್ಡ ಹೆರೆದುಕೊಳ್ಳಬಹುದಿತ್ತು, ಅಷ್ಟು ಚೂಪು. ಲಾಡ್ಜಿನ ಮಾಲೀಕ ಒಂದೇ ತಿಂಗಳಲ್ಲಿ ಅವಳನ್ನು ಗುರುತಿಸಿ, ಕಾಯಂ ಕೆಲಸ, ಹಿಂದೆ ಇರಲಿಕ್ಕೆ ಒಂದು ಖೋಲಿ, ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕು ಎಂದ.

ಇತ್ತ ಸುಟ್ಟ ಮನೆಯನ್ನು ಮತ್ತೆ ಕಟ್ಟುವ ಕೆಲಸ ಮುಗಿಯುತ್ತ ಬಂದಿತ್ತು. ಹಣಮಮ್ಮ ಗಂಡನಿಗೆ ಫೋನ್ ಮಾಡಿದಳು. "ಐತಾರ ಒಂದ್ಸಲ ಬಂದು ಮನಿ ನೋಡ್ತೀನಿ. ಒಳಗ ನಿಂತಾಗ ಎದಿ ಹೊಡಕೊಳ್ಳಲಿಲ್ಲಂದ್ರ ಅಲ್ಲೇ ಇರ್ತೀನಿ. ಹೊಡಕೊಂಡ್ರ ಮತ್ತ ಕರಿಬ್ಯಾಡ್ರಿ."

"ಎದಿ ಯಾಕ ಹೊಡಕೊಳ್ತದ? ಈ ಮನಿ ನೋಡಿ ದಿಲ್ಲಿಯವರು ಲಾಲ್ ಕಿಲ್ಲಾ ಕೆಡವಿ ಕಟ್ಟಸಾಕತ್ತಾರಂತ" ಎಂದ ರಾಮಣ್ಣ.

ಮೂವತ್ತು ವರ್ಷದಲ್ಲಿ ಅಂಥ ಮಾತಿಗೆ ಅವಳು ನಗದೇ ಇದ್ದದ್ದು ಅದೇ ಮೊದಲು.

ರಾಮಣ್ಣ ನಂದೂರಿನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಕಡೆಗೆ ಮೇಸ್ತ್ರಿ. ನೂರು ಚೀಲ ತೊಗರಿಯಲ್ಲಿ ಒಂದು ಕಲ್ಲಿನ ಹರಳಿದ್ದರೆ ಅದು ತಾನಾಗಿ ಎದ್ದು ಬಂದು ಅವನ ಕಾಲಿಗೆ ಬೀಳುತ್ತಿತ್ತು. ಇಂಥ ಕಣ್ಣಿನವನು ಮನೆ ಕಟ್ಟಲು ಮಹಾಗಾಂವದ ಗುತ್ತೇದಾರ ದತ್ತಪ್ಪನನ್ನು ಹಿಡಿದದ್ದೇ ಒಂದು ಸೋಜಿಗ. ದತ್ತಪ್ಪನ ಸೊಂಟದಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು, ಆದರೆ ಅದು ಹುಟ್ಟಿದಾಗಿನಿಂದ ಬಾಯಿ ತೆರೆದಿರಲಿಲ್ಲ. ಅವನು ಗೋಡೆಯನ್ನು ಒಮ್ಮೆ ನೋಡಿ ಉದ್ದ ಹೇಳುವನು. ಗೋಡೆಯೇ ಹೆದರಿ ಅಷ್ಟುದ್ದ ಆಗಬೇಕಿತ್ತು.

"ಇಪ್ಪತ್ತೊಂದು ದಿನ. ಇಪ್ಪತ್ತೆರಡನೇ ದಿನ ನಿಮ್ಮ ಮನ್ಯಾಗ ಹೋಳಿಗಿ ಊಟಾ ಮಾಡ್ತೀನಿ" ಎಂದಿದ್ದ.

ಮಸಿ ಹಿಡಿದ ಗೋಡೆಯನ್ನು ಕೆರೆದು ತೊಳೆದು ಗಿಲಾವು ಮಾಡಬೇಕು. ದತ್ತಪ್ಪ ಮಸಿಯ ಮೇಲೇ ಮಾಡಿಸಿದ. ಅದು ಅಲ್ಲಲ್ಲಿ ಉಬ್ಬಿ, ಮುಟ್ಟಿದರೆ ಹಪ್ಪಳದಂತೆ ಕೈಗೆ ಬರುತ್ತಿತ್ತು. ಸುಣ್ಣ ಬಳಿದ ಮೂರನೆಯ ದಿನ ಒಳಗಿನ ಕಪ್ಪು ಹೊರಗೆ ಬಂದು, ಗೋಡೆಯ ಮೇಲೆ ಗಡ್ಡಮೀಸೆಯಂತೆ ಮೂಡಿತು. ಮಾಳಿಗೆಯ ಬದಲು ತಗಡಿನ ಪತ್ರಾ ಹೊದಿಸಿದ. ಮೊಳೆ ಹೊಡೆದ ತೂತುಗಳಿಂದ ಬಿಸಿಲು ಒಳಗೆ ಇಳಿದು ಹಗಲೇ ನಕ್ಷತ್ರ ತೋರಿಸುತ್ತಿತ್ತು. ರಾಮಣ್ಣ ಬೆಳಿಗ್ಗೆ ಮಿಲ್ಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಇವನು ನೋಡಿ ಕೇಳುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಆದರೆ ನೆಲದ ಮಾತು ಬೇರೆ. ಅದರಲ್ಲಿ ರಾಮಣ್ಣನದೂ ಪಾಲಿತ್ತು.

ಈ ಕಡೆ ಪರಸಿ ಸವೆದರೆ ಯಾರೂ ಎಸೆಯುವುದಿಲ್ಲ. ಎಬ್ಬಿಸಿ ಮಗುಚಿ ಹಾಸುತ್ತಾರೆ. ಅಪ್ಪ ಒಂದು ಮೈ ತುಳಿದರೆ ಮಗ ಇನ್ನೊಂದು ಮೈ ತುಳಿಯುತ್ತಾನೆ. ರಾಮಣ್ಣನ ಅಪ್ಪ ಆ ಕಲ್ಲುಗಳನ್ನು ಎತ್ತಿನ ಬಂಡಿಯ ಮೇಲೆ ತಂದಿದ್ದ. ದಾರಿಯಲ್ಲಿ ಏಳು ಜೊತೆ ಎತ್ತು ಬದಲಾದವು, ಬಂಡಿಯ ಗಾಲಿಗಳು ಸವೆದು ಬಳೆಯಾದವು ಎಂದು ರಾಮಣ್ಣ ಹೇಳುತ್ತಿದ್ದ. ಅಂಥ ಕಲ್ಲನ್ನು ಹೊರಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ.

"ಸುಟ್ಟದ್ದು ನಡೀತದೇನ್ರಿ?" ಎಂದು ಒಂದು ಸಲ ಕೇಳಿದ್ದು ಹೌದು.

"ಕಟ್ಟಿಗಿ ಸುಡತದ, ಬಟ್ಟಿ ಸುಡತದ, ನೆರಮನಿಯವ್ರು ಉದ್ಧಾರ ಆದ್ರ ಹೊಟ್ಟಿ ಸುಡತದ" ಎಂದ ದತ್ತಪ್ಪ. "ಕಲ್ಲು ಸುಟ್ಟದ್ದು ಎಲ್ಲರೆ ಕೇಳೀರೇನು? ಇಡೀ ಇದ್ದದ್ದು ಹೊಳ್ಳಿಸಿ ಹಾಕಿದ್ರ ಪೆಟಗಿಯೊಳಗಿನ ಸೀರಿ ಇದ್ದಂಗ."

"ಹೌದ್ ಬಿಡ್ರಿ. ನಮ್ಮಪ್ಪನ ಕಲ್ಲು ಬೆಂಕಿಗೆ ಹೆದರೋದಲ್ಲ" ಎಂದು ರಾಮಣ್ಣನೇ ತಲೆಯಾಡಿಸಿದ.

ಒಡೆದವನ್ನು ಆರಿಸಿ ತೆಗೆದು, ಉಳಿದದ್ದನ್ನು ದತ್ತಪ್ಪ ಮುರುಮು ಮಣ್ಣಿನ ಮೇಲೆ ಒಣಗಾಗಿಯೇ ಹಾಸಿದ. ಸಂದಿಗೆ ಒಂದಿಷ್ಟು ಒಣ ಸಿಮೆಂಟು ತುರುಕಿ, ಹದಿನೈದು ದಿನ ಒಂದು ಹನಿ ನೀರು ಸೋಕಿಸಬಾರದು ಎಂದು ಕಟ್ಟಪ್ಪಣೆ ಮಾಡಿದ. ಲೋಕದಲ್ಲೆಲ್ಲ ಸಿಮೆಂಟು ಹಾಕಿದ ಮೇಲೆ ನೀರು ಹೊಡೆಯುತ್ತಾರೆ. ಇದೇನು ತಿರುಗಾಮುರುಗಾ ಎಂದು ರಾಮಣ್ಣನಿಗೆ ಹೊಳೆಯಲಿಲ್ಲ. ಮೇಲೆ ಕಾಣುತ್ತಿದ್ದ ನೆಲ ಅಷ್ಟು ಚಂದವಿತ್ತು.

ಶನಿವಾರ ಅವನು ರಜೆ ಹಾಕಿ ಕಸ ಹೊಡೆಯುತ್ತಿದ್ದಾಗ ಜೀನತ್ ತನ್ನ ಬುಟ್ಟಿ ಒಯ್ಯಲು ಬಂದಳು. ಇದೇ ಕೆಲಸದಲ್ಲಿ ಮಣ್ಣು ಹೊತ್ತವಳು; ಎರಡು ಓಣಿ ಆಚೆಯವಳು. ಬುಟ್ಟಿ ಸಿಕ್ಕ ಮೇಲೂ ಹೋಗದೆ ಹೊಸ್ತಿಲಲ್ಲಿ ನಿಂತಳು.

"ಅಣ್ಣಾ, ಒಂದ್ ಮಾತು ಹೇಳ್ಲ್ಯಾ? ಗುತ್ತೇದಾರ್‌ಗ ಹೇಳಬ್ಯಾಡ್ರಿ, ನಾಳಿ ನಂಗ ಕೂಲಿಗಿ ಕರಿಯಾಂಗಿಲ್ಲ."

"ಹೇಳವ್ವ."

"ನಮ್ಮ ಅಬ್ಬಾ ಸುಣ್ಣದ ಭಟ್ಟಿಯಾಗ ಇದ್ದ. ಭಟ್ಟಿಯಾಗ ಇದೇ ಕಲ್ಲು ಸುಡ್ತಾರ್ರಿ. ಭಾಳ ಸುಟ್ರ ಕಲ್ಲು ಕಲ್ಲಾಗಿ ಉಳಿಯಾಂಗಿಲ್ಲ, ಸುಣ್ಣ ಆಗ್ತದ. ನೋಡಾಕ ಕಲ್ಲೇ. ನೀರು ಬಿದ್ರ ಕುದ್ದು ಒಡೀತದ. ಅದಕ್ಕೇ ಅಂವಾ ನೀರು ಬ್ಯಾಡ ಅಂದಾನ."

ರಾಮಣ್ಣ ಕೂತು ಬೆರಳ ಗೆಣ್ಣಿನಿಂದ ಒಂದು ಪರಸಿ ಬಡಿದ. ಒಳ್ಳೆಯ ಪರಸಿ ಗಂಟೆಯಂತೆ ಖಣ್ ಎನ್ನಬೇಕು. ಇದು ಕೊಳೆತ ಕುಂಬಳಕಾಯಿಯಂತೆ ದಬ್ ಎಂದಿತು. ಇನ್ನೊಂದು ಬಡಿದ, ದಬ್. ಅಡುಗೆಮನೆಯಿಂದ ಪಡಸಾಲೆಯ ತನಕ ಮೊಣಕಾಲ ಮೇಲೆ ಹರಿದಾಡಿ ಒಂದೊಂದನ್ನೂ ಬಡಿದು ನೋಡಿದ. ಇಡೀ ಮನೆ ದಬ್ ಎಂದಿತು. ಲಕ್ಷಗಟ್ಟಲೆ ಚೀಲ ನೋಡಿದ ಕಣ್ಣು ಕಾಲಡಿಯ ಕಲ್ಲನ್ನು ನೋಡಿರಲಿಲ್ಲ.

ದತ್ತಪ್ಪನಿಗೆ ಫೋನ್ ಮಾಡಿದ.

"ನೀರು ಹಾಕ್ತೀನಂತ ಯಾಕ ಹಟಾ ಮಾಡ್ತೀರಿ?" ಎಂದ ದತ್ತಪ್ಪ. "ಹಸಿ ಅರಿವಿಲೆ ಸುದ್ದಾ ಒರಸಬ್ಯಾಡ್ರಿ. ಖಾಲಿ ಕಸಬರಿಗಿ. ಮಳಿಗಾಲ ಬರಲಿ, ನೋಡೂಣು."

"ಮಳಿಗಾಲದಾಗ ಪತ್ರಾ ಸೋರ್ತದಲ್ರಿ."

"ಅದನ್ನೂ ಆವಾಗ ನೋಡೂಣು."

ರಾಮಣ್ಣ ಹೊಸ್ತಿಲ ಮೇಲೆ ಕೂತ. ಮನೆ ಸರಿಯಾಗಿಲ್ಲ, ಇನ್ನೊಂದು ತಿಂಗಳು ತಡಿ ಎಂದು ಹೆಂಡತಿಗೆ ಹೇಳಿದರೆ ಸೋಮವಾರ ಅವಳು ಖೋಲಿಗೆ ಹೋಗುತ್ತಾಳೆ. ಹೇಳದಿದ್ದರೆ, ನೀರೇ ಬೀಳದಿದ್ದರೆ, ಅವಳು ಒಂದು ಗಳಿಗೆ ನಿಂತು ನೋಡಿ ಇರುತ್ತೇನೆ ಎಂದುಬಿಟ್ಟರೆ, ಆಮೇಲೆ ಒಂದೊಂದೇ ಕಲ್ಲು ಬದಲಿಸಬಹುದು. ಈ ಲೆಕ್ಕ ಅವನಿಗೆ ಎಷ್ಟು ಹಿಡಿಸಿತೆಂದರೆ, ಎದ್ದು ಹೋಗಿ ಅಂಗಳದ ಡ್ರಮ್ಮು ಬೋರಲು ಹಾಕಿದ. ಕೊಡ, ಬಕೆಟ್ಟು, ತಂಬಿಗೆ ಎಲ್ಲ ಒಯ್ದು ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಆ ಸಂಜೆ ಸಹಾರಾ ಮರುಭೂಮಿಯೇ ಬಂದು ರಾಮಣ್ಣನ ಮನೆ ನೋಡಿ, ಇಷ್ಟು ಒಣಗುವುದು ತನ್ನಿಂದಾಗದು ಎಂದು ಕೈ ಮುಗಿದು ಹೋಗುವಂತಿತ್ತು.

ಭಾನುವಾರ ಹತ್ತು ಗಂಟೆಗೆ ಹಣಮಮ್ಮ ಬಂದಳು. ಚೀಲದಲ್ಲಿ ಒಂದು ಹೊಸ ಹಾಲಿನ ಪಾತ್ರೆ ಇತ್ತು. ಅದನ್ನು ಕಂಡು ರಾಮಣ್ಣನ ಜೀವ ಹಿಗ್ಗಿ ಒಂದು ಗೇಣು ಮೇಲೆ ಹಾರಿತು. ನೋಡಿ ಹೋಗಲು ಬಂದವಳು ಪಾತ್ರೆ ತರುವುದಿಲ್ಲ.

ಅವಳು ಹೊಸ್ತಿಲ ಹೊರಗೆ ಬಹಳ ಹೊತ್ತು ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಗೋಡೆಯ ಗಡ್ಡಮೀಸೆ ನೋಡಿದಳು, ಪತ್ರಾದ ನಕ್ಷತ್ರ ನೋಡಿದಳು.

"ಗ್ವಾಡಿ ಯಾಕ ಹಿಂಗ ಆಗ್ಯಾವ?"

"ಹೊಸಾ ಫ್ಯಾಶನ್ ಅದು. ಬೊಂಬಾಯ್‌ದಾಗ ರೊಕ್ಕಾ ಕೊಟ್ಟು ಮಾಡಸ್ತಾರ."

"ನಿಮ್ಮ ಮಾರಿ ನೋಡಿ ಮಾಡ್ಯಾರೇನು?" ಎಂದಳು. ತುಟಿಯ ಮೂಲೆಯಲ್ಲಿ ನಗು ಬಂತು. ಅಡುಗೆಮನೆಗೆ ಹೋಗಿ, ತಾನು ಸಿಕ್ಕಿಕೊಂಡಿದ್ದ ಮೂಲೆಯಲ್ಲೇ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು ಕಾದಳು. ರಾಮಣ್ಣ ಉಸಿರು ಬಿಡಲಿಲ್ಲ. ಹೊರಗೆ ಹೆದ್ದಾರಿಯ ಲಾರಿಗಳೂ ಬಿಡಲಿಲ್ಲ.

"ಏನೂ ಆಗವಲ್ದು" ಎಂದಳು ಕೊನೆಗೆ. "ತೊಳದು ಹಾಲು ಉಕ್ಕಸ್ತೀನಿ. ಕೊಡ ಎಲ್ಲದ?"

"ತೊಳಿಯೋದು ಬ್ಯಾಡ. ನಿನ್ನಿ ನಾನು ಕಸಾ ಹೊಡದೀನಿ."

"ಸುಟ್ಟ ಮನಿಗಿ ನೀರು ಹಾಕಲಾರದ ಒಲಿ ಹಚ್ಚತಾರೇನ್ರಿ? ಡ್ರಮ್ ಯಾಕ ಬೋರಲ ಬಿದ್ದದ? ನೀರಿಲ್ಲದ ಮನಿಗಿ ಹೆಂಡ್ತಿನ್ನ ಕರದೀರಿ?"

ಅವನು ಇನ್ನೊಂದು ಸುಳ್ಳು ಹುಡುಕುವುದರಲ್ಲಿ ಅವಳು ಪಕ್ಕದ ಮನೆಯಿಂದ ತುಂಬಿದ ಕೊಡ ತಂದಾಗಿತ್ತು. ಆ ಹೊತ್ತಿಗೆ, ಅಕ್ಕ ಬಂದಾಳಂತ ಸುದ್ದಿ ಕೇಳಿ ಜೀನತ್ ಬಾಗಿಲಿಗೆ ಬಂದಳು. ಕೊಡ ಕಂಡು ರಾಮಣ್ಣನ ಮುಖ ನೋಡಿದಳು. ರಾಮಣ್ಣ ಈಗ ಹೇಳಿದರೂ ಆಗುತ್ತಿತ್ತು. ನಾಲಿಗೆ ಬಾಯಲ್ಲೇ ಇತ್ತು, ಏಳು ಊರಿಗೆ ಸಾಲುವಷ್ಟು ಉದ್ದದ ನಾಲಿಗೆ. ಅದು ಅಲ್ಲಾಡಲಿಲ್ಲ.

ಹಣಮಮ್ಮ ಕೊಡ ಬಗ್ಗಿಸಿದಳು.

ಮೊದಲು ಏನೂ ಆಗಲಿಲ್ಲ. ನೆಲ ನೀರನ್ನು ಗಟಗಟ ಕುಡಿಯಿತು. ಆಮೇಲೆ ಸಂದಿಗಳಿಂದ ಬಿಳಿ ನೊರೆ ಎದ್ದಿತು, ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಸುಯ್ ಎಂದಿತು. ಹಣಮಮ್ಮ ಒಂದು ಕಾಲು ಎತ್ತಿ ನೋಡಿಕೊಂಡಳು. ಅಂಗಾಲು ಬೆಚ್ಚಗೆ, ಬೆಳ್ಳಗೆ. ಅವಳು ನಿಂತಿದ್ದ ಪರಸಿ ಫಟ್ ಎಂದು ಎರಡಾಯಿತು. ಹಿಂದೆಯೇ ಅದರ ಪಕ್ಕದ್ದು.

ಅವಳು ಕೊಡವನ್ನು ನೆಟ್ಟಗೆ ಇಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹಿಡಿದಲ್ಲೆಲ್ಲ ಗಿಲಾವು ಕಳಚಿ ಬಿತ್ತು. ಅಂಗಳದಲ್ಲಿ ಕೂತಾಗ ಕುಪ್ಪಸದ ಮೇಲೆ ಎದೆಯ ಬಡಿತ ಕಾಣುತ್ತಿತ್ತು. ಜೀನತ್ ಓಡಿ ನೀರು ತಂದು ಅವಳ ಕಾಲಿಗೆ ಸುರಿದಳು.

"ತಂಗಿ, ಇದು ಹಿಂಗ ಆಗ್ತದಂತ ನಿನಗ ಗೊತ್ತಿತ್ತೇನು?" ಎಂದು ಹಣಮಮ್ಮ ಅವಳನ್ನು ಕೇಳಿದಳು.

ಜೀನತ್ ಕಾಲು ಉಜ್ಜುತ್ತಲೇ ಇದ್ದಳು. "ನಿನ್ನಿ ಅಣ್ಣಾಗ ಹೇಳಿದ್ನಿ ಅಕ್ಕಾ."

ಹಣಮಮ್ಮ ಗಂಡನ ಕಡೆ ನೋಡಲಿಲ್ಲ. ಒಳಗಿದ್ದ ಹಾಲಿನ ಪಾತ್ರೆಯನ್ನು ಜೀನತ್ ತಂದುಕೊಟ್ಟಳು.

ಬಸ್ ನಿಲ್ದಾಣದ ತನಕ ರಾಮಣ್ಣ ಮಾತಾಡುತ್ತಲೇ ಹೋದ. ದತ್ತಪ್ಪನ ಕೈಕಾಲು ಕಟ್ಟಿ ಅವನನ್ನೇ ನೆಲಕ್ಕೆ ಹಾಸುತ್ತೇನೆ ಎಂದ. ಶಹಾಬಾದಿನ ಖಣಿಯನ್ನೇ ಎತ್ತಿ ತರುತ್ತೇನೆ, ವಾರದೊಳಗೆ ಕನ್ನಡಿಯಂಥ ನೆಲ, ಮುಖ ನೋಡಿಕೊಂಡು ತಲೆ ಬಾಚಬಹುದು ಎಂದ.

"ಹಾಕಸ್ರಿ" ಎಂದಳು.

"ಹಾಕಿಸಿದ ಮ್ಯಾಲೆ ಬರ್ತಿಯಲ್ಲ?"

"ಕಲ್ಲಿಗೇನ್ ಗೊತ್ತಿತ್ತರಿ" ಎಂದಳು ಹಣಮಮ್ಮ. "ನಿಮಗ ಗೊತ್ತಿತ್ತು."

ಬಸ್ಸು ಬಂತು. ಅವಳು ಹತ್ತಿ ಆಧಾರ್ ಕಾರ್ಡು ತೋರಿಸಿದಳು. ಅದರಲ್ಲಿ ವಿಳಾಸ ಕಮಲಾಪುರದ್ದೇ. ಕಂಡಕ್ಟರ್ ಹೆಂಗಸರ ಸೊನ್ನೆ ಟಿಕೆಟು ಹರಿದುಕೊಟ್ಟು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ರಾಮಣ್ಣನನ್ನು ನೋಡಿದ.

"ಹಿರ್ಯಾ, ಹತ್ತಾಂವೋ ಇಳ್ಯಾಂವೋ?"

ರಾಮಣ್ಣ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯ ಗಾಜು ಸರಿಸುತ್ತಿದ್ದಳು, ಅದು ಸರಿಯುತ್ತಿರಲಿಲ್ಲ. ಅವನು ಕಾಲು ಕೆಳಗಿಟ್ಟ. ಬಸ್ಸು ಕಲಬುರಗಿಯ ಕಡೆಗೆ, ಎಲ್ಲ ಬಸ್ಸುಗಳು ಹೋಗುವಷ್ಟೇ ವೇಗದಲ್ಲಿ ಹೋಯಿತು.

ಮರುದಿನ ಹನ್ನೊಂದು ಗಂಟೆಗೆ ಕಾವೇರಿ ಮಿಲ್ಲಿಗೆ ಫೋನ್ ಮಾಡಿ, ಅಕ್ಕ ಖೋಲಿಯ ಕೀಲಿ ತೊಗೊಂಡಳು ಎಂದಳು. ಮಶೀನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ರಾಮಣ್ಣ ಅದನ್ನು ಎರಡು ಸಲ ಹೇಳಿಸಿಕೊಂಡ.