ಓಣಿಗೆ ಅಡ್ಡ ಹಾಕಿದ ಹೊರಸು

ರಾತ್ರಿ ತೀರಿಕೊಂಡ ಕೊಟ್ರಮ್ಮನ ಎಡಗಾಲು ಮಡಚಲು ಬರುತ್ತಿರಲಿಲ್ಲ. ಮಠದ ಜಂಬಯ್ಯನವರು ಬಿಸಿನೀರಿನ ಬಟ್ಟೆಯಿಂದ ಮೊಣಕಾಲು ನೀವಿ ನೀವಿ, ಕೂಸಿನ ಕಾಲನ್ನು ಮಡಚುವಂತೆ ಮೆಲ್ಲಗೆ ಒಳಗೆ ತಂದರು. ಸೊಸೆ ಗಂಗಾಂಬಿಕಾ ಹಿಂದೆ ನಿಂತು ಅತ್ತೆಯ ಬೆನ್ನಿಗೆ ಎರಡೂ ಕೈ ಆನಿಸಿ ಹಿಡಿದಿದ್ದಳು. ಅವಳು ಅತ್ತೆಯನ್ನು ಮುಟ್ಟಿ ವರ್ಷಗಳೇ ಆಗಿದ್ದವು.

ತೆರೆದ ಬಾಗಿಲಿನ ನೇರಕ್ಕೆ ಪದ್ಮಾಸನದಲ್ಲಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟ ಮೇಲೆ ಜಂಬಯ್ಯ ಕೇಳಿದರು. "ಮುಖ ಎತ್ಲಾಗ ಮಾಡೂಣ್ರಿ?"

"ಓಣಿ ಕಡೀಗೆ ಇರ್ಲಿ ಅಯ್ಯನೋರ," ಎಂದ ಎದುರು ಮನೆಯ ಉಜ್ಜಿನಪ್ಪ. "ಆಕಿ ನೋಡಿದ್ದೆಲ್ಲ ಅದನ್ನ."

ಹೊರಗೆ ಶಾಮಿಯಾನದವರು ಕಂಬ ಇಳಿಸುತ್ತಿದ್ದರು. ಕೊಟ್ರಮ್ಮನ ಮಗ ಮುರುಗೇಶ್ ಅವರಿಗೆ ಹೇಳುತ್ತಿದ್ದ. "ಒಂದು ಮಗ್ಗಲಿಗೆ ಹಾಕ್ರಿ. ಗಾಡಿ ಹೋಗಾಕ ದಾರಿ ಬಿಡ್ರಿ. ತೋರಣಗಲ್ಲು ಫ್ಯಾಕ್ಟರಿಯ ಶಿಫ್ಟ್ ಬಸ್ಸು ಇದೇ ಓಣ್ಯಾಗ ಹಾದು ಹೋಗ್ತಾವು."

ಗಂಗಾಂಬಿಕಾ ಬಾಗಿಲಿಗೆ ಬಂದಳು. "ಬ್ಯಾಡ. ಓಣಿ ತುಂಬ ಹಾಕ್ರಿ. ಈ ಗೋಡಿಯಿಂದ ಆ ಗೋಡೀ ಮಟ."

"ಗಾಡಿ?"

"ಸುತ್ತು ಹಾಕ್ಕೊಂಡು ಹೋಗ್ಲಿ."

ಮುರುಗೇಶ್ ಹೆಂಡತಿಯ ಮುಖ ನೋಡಿದ. ಆಮೇಲೆ ಶಾಮಿಯಾನದವರ ಕಡೆ ತಿರುಗಿ ತಲೆಯಾಡಿಸಿದ.

*

ಮೊದಲು ಓಣಿಗೆ ಒಂದೇ ಬಾಯಿ ಇತ್ತು. ಇನ್ನೊಂದು ತುದಿಯಲ್ಲಿ ಕಾಲುವೆ ಏರಿಗೆ ಒರಗಿದ ಕಲ್ಲಿನ ಗೋಡೆ. ಹೊರಗಿನ ಗಾಡಿಗೆ ಒಳಗೇನೂ ಕೆಲಸವಿರಲಿಲ್ಲ. ಎಲ್ಲ ಮನೆಗಳ ಕಟ್ಟೆಗಳೂ ಓಣಿಗೇ ಮುಖ ಮಾಡಿದ್ದವು. ಹೆಂಗಸರು ಸಂಜೆ ಸೊಪ್ಪು ಸೋಸುತ್ತ ಕೂತರೆ, ಯಾರ ಕೂಸು ಎಲ್ಲಿದೆ ಎಂದು ಯಾರೂ ಹುಡುಕಬೇಕಾಗಿರಲಿಲ್ಲ. ಬಿದ್ದವರನ್ನು ಹತ್ತಿರವಿದ್ದವರು ಎತ್ತುತ್ತಿದ್ದರು, ಜಗಳವಾಡಿದವರನ್ನು ಹತ್ತಿರವಿದ್ದವರೇ ಬಡಿಯುತ್ತಿದ್ದರು.

ಊರ ಹೊರಗೆ ಬೈಪಾಸ್ ಆಯಿತು. ಗೋಡೆ ಒಡೆದು ಓಣಿಯನ್ನು ಅದಕ್ಕೆ ಕೂಡಿಸಿದರೆ ಮನೆಗಳಿಗೆ ಬೆಲೆ ಬರುತ್ತದೆ ಎಂದು ಎಲ್ಲರೂ ಖುಷಿಪಟ್ಟರು. ಗೋಡೆ ಬಿತ್ತು. ಚರಂಡಿ ಮಾಡಲು ಕಟ್ಟೆಗಳನ್ನೂ ಕಡಿದರು. ಸಿಮೆಂಟು ರಸ್ತೆ ನುಣ್ಣಗೆ ಹಾಸಿಕೊಂಡಿತು.

ಮಕ್ಕಳಿಗೆ ಮಾತ್ರ ಅದು ಇನ್ನೂ ಹಳೆಯ ಓಣಿಯೇ.

ಆ ಸಂಜೆ ಗಂಗಾಂಬಿಕಾ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗ ಸಿದ್ದು ನಡುಮನೆಯಲ್ಲಿ ಬೇಜಾರಾಗಿ ಹೊರಳುತ್ತಿದ್ದ. ಕೊಟ್ರಮ್ಮ ಅಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. "ಮನ್ಯಾಗ ಏನ್ ಕುಂದರ್ತೀಯೋ. ಆಡು ಹೋಗು."

ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವ ಮೊದಲೇ ಟೆಂಪೊ ಬ್ರೇಕು ಹಾಕಿದ ಸದ್ದು ಬಂತು.

ಅದಾದ ಮೇಲೆ ಮನೆಮನೆಗೂ ಕಬ್ಬಿಣದ ಗೇಟುಗಳು ಬಂದವು. ಮಕ್ಕಳು ಮೊಬೈಲು ಹಿಡಿದು ಒಳಗೆ ಕೂತರು. ಗಂಗಾಂಬಿಕಾ ಅತ್ತೆಗೆ ಊಟಕ್ಕೆ ಹಾಕುತ್ತಿದ್ದಳು, ಬಟ್ಟೆ ಒಗೆದು ಕೊಡುತ್ತಿದ್ದಳು. ಆ ಮಾತಿನ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅತ್ತೆ ಅತ್ತುಬಿಡುತ್ತಿದ್ದಳು, ಅತ್ತು ಹಗುರಾಗುತ್ತಿದ್ದಳು. ಅಷ್ಟನ್ನು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಒಂದು ಸಂಜೆ ಕೊಟ್ರಮ್ಮ ತಾನು ಮಲಗುವ ಹೊರಸನ್ನು ದರದರ ಎಳೆದುಕೊಂಡು ಹೋಗಿ ಓಣಿಯ ನಟ್ಟನಡುವೆ ಹಾಕಿದಳು. ಅದರ ಮೇಲೆ ಕೂತಳು.

ಡ್ರೈವರುಗಳು ಹಾರ್ನ್ ಹೊಡೆದರು, ಬೈದರು. "ಹಾಯಿಸ್ಕೊಂಡು ಹೋಗಪಾ," ಎನ್ನುತ್ತಿದ್ದಳು ತಣ್ಣಗೆ. "ಮುದುಕಿ ಅದೀನಿ, ಭಾಳ ತ್ರಾಸಾಗಂಗಿಲ್ಲ ನಿನಗ." ಪೊಲೀಸರು ಬಂದು ಎಬ್ಬಿಸಿ ಕಳಿಸಿದರು. ಮರುದಿನ ಮತ್ತೆ ಹೊರಸು ಅಲ್ಲೇ. ಬರಬರುತ್ತ ಸಂಜೆಯ ಗಾಡಿಗಳು ಬೇರೆ ದಾರಿ ಹಿಡಿದವು. ದಾರಿ ಬದಲಿಸದ ಬಸ್ಸಿನವರು, ದೀಪ ಹಚ್ಚುವ ಹೊತ್ತಿಗೆ ಅವಳೇ ಏಳುವ ತನಕ ಕಾಯುವುದನ್ನು ಕಲಿತರು. ಅವಳ ಬೆನ್ನ ಹಿಂದೆ ಒಂದೊಂದೇ ಗೇಟು ತೆರೆಯಿತು.

ಒಮ್ಮೆ ಮಳೆ ಜಿನುಗುತ್ತಿತ್ತು. ಒಂದು ಮಗುವೂ ಹೊರಗೆ ಬಂದಿರಲಿಲ್ಲ. ಕೊಟ್ರಮ್ಮ ತಲೆಯ ಮೇಲೆ ಗೋಣಿಚೀಲ ಹೊದ್ದು ಹೊರಸಿನ ಮೇಲೆ ಕೂತೇ ಇದ್ದಳು. ಕಿಟಕಿಯಿಂದ ನೋಡಿದ ಗಂಗಾಂಬಿಕಾಗೆ ಅವಳ ಮಾತು ಕೇಳಿಸಿತು. "ಸಿದ್ದೂ, ಅಷ್ಟು ದೂರ ಓಡಬ್ಯಾಡೋ. ನನಗ ಕಾಣೂ ಹಂಗ ಆಡು."

ಗಂಗಾಂಬಿಕಾ ಕಿಟಕಿ ಮುಚ್ಚಿದ್ದಳು.

*

ಬಿಸಿಲೇರುವ ಹೊತ್ತಿಗೆ ಭಜನೆಯವರು ಬಂದು ತಾಳ ಹಿಡಿದರು. ಓಣಿಯ ಎರಡೂ ಬಾಯಿಗಳಲ್ಲಿ ಗಾಡಿಗಳು ಬರುತ್ತಿದ್ದವು, ಬಟ್ಟೆಯ ಗೋಡೆ ಕಂಡು ತಿರುಗಿ ಹೋಗುತ್ತಿದ್ದವು. ಪಕ್ಕದ ಮನೆಯ ಸುಮಲತಾಳ ಮಗಳು ಬಹಳ ಹೊತ್ತು ಅಮ್ಮನ ಮಗ್ಗುಲಲ್ಲಿ ಕೂತಿದ್ದಳು. ಆಮೇಲೆ ಎದ್ದು ಹೋಗಿ ಇಟ್ಟಿಗೆ ಚೂರಿನಿಂದ ರಸ್ತೆಯ ಮೇಲೆ ಕುಂಟಾಟದ ಮನೆ ಬರೆಯತೊಡಗಿದಳು. ಇನ್ನಿಬ್ಬರು ಹುಡುಗಿಯರು ಅವಳ ಹತ್ತಿರ ಸರಿದರು.

"ಏ, ಹೆಣದ ಮುಂದ ಆಡ್ತಾರೇನು?" ಸುಮಲತಾ ಹಲ್ಲು ಕಚ್ಚಿ ಗದರಿಸಿದಳು. "ಏಳು ಅಲ್ಲಿಂದ."

"ಬಿಡ್ರಿ ಸುಮಕ್ಕ," ಎಂದಳು ಗಂಗಾಂಬಿಕಾ. "ಆಡ್ಲಿ."

"ಮಂದಿ ಏನಂತಾರ?"

"ಆಕಿ ನೋಡ್ತಾಳ. ಆಡ್ಲಿ ಬಿಡ್ರಿ."

ಉಜ್ಜಿನಪ್ಪ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ. ಶಾಮಿಯಾನದ ಕೆಂಪು ನೆರಳಿನಲ್ಲಿ ಮಕ್ಕಳು ಮೊದಲು ಸದ್ದಿಲ್ಲದೆ ಕುಂಟಿದರು. ಸ್ವಲ್ಪ ಹೊತ್ತಿಗೆ ಸದ್ದು ಮಾಡಿದರು. ಹುಡುಗರೂ ಬಂದರು. ಭಜನೆಯ ತಾಳಕ್ಕೆ ಓಡುವ ಕಾಲುಗಳ ಸಪ್ಪಳ ಬೆರೆಯಿತು. ಗಂಗಾಂಬಿಕಾ ಆ ಗುಂಪಿನೊಳಗೆ ಒಂದು ಮುಖ ಹುಡುಕುತ್ತಿದ್ದಳು. ಅವನಿದ್ದಿದ್ದರೆ ಈಗ ಮೀಸೆ ಮೂಡಿರುತ್ತಿತ್ತು, ಈ ಮಕ್ಕಳ ನಡುವೆ ಇರುತ್ತಲೇ ಇರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಸಣ್ಣ ಚಡ್ಡಿಯ ಯಾವುದೋ ಬೆನ್ನು ಕಂಬದ ಮರೆಯಲ್ಲಿ ಸರಿದಾಗ ಕತ್ತು ಚಾಚಿ ನೋಡಿದಳು. ನೋಡಿ, ಅತ್ತೆಯ ಕಡೆ ತಿರುಗಿದಳು. ಅರೆ ತೆರೆದ ಆ ಕಣ್ಣುಗಳೂ ಅತ್ತಲೇ ಇದ್ದವು.

ಅವಳು ಹೋಗಿ ಅತ್ತೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತಳು. ಅತ್ತೆಯನ್ನು ಒಯ್ಯುವ ಹೂವಿನ ವಿಮಾನ ಎತ್ತುವ ತನಕ ಅಲ್ಲಿಂದ ಏಳಲಿಲ್ಲ.

*

ಮಣ್ಣು ಮಾಡಿ ಬಂದವರು ದೀಪ ನೋಡಿ ತಮ್ಮ ತಮ್ಮ ಮನೆಗೆ ಹೋದರು. ಶಾಮಿಯಾನದವರು ಕಂಬ ಕಿತ್ತು, ಬಟ್ಟೆ ಮಡಚಿ, ಗಾಡಿಗೆ ಹೇರಿಕೊಂಡು ಹೋದರು. ಓಣಿ ಎರಡೂ ಕಡೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಕ್ಕಳು ಇನ್ನೂ ಒಳಗೆ ಹೋಗಿರಲಿಲ್ಲ. ಅವರನ್ನು ಕರೆಯುವುದು ದೊಡ್ಡವರಿಗೂ ನೆನಪಾಗಿರಲಿಲ್ಲ.

ಗಂಗಾಂಬಿಕಾ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಬೈಪಾಸ್ ಕಡೆಯಿಂದ ಶಿಫ್ಟ್ ಬಸ್ಸು ಓಣಿಗೆ ತಿರುಗಿತು. ಅವಳ ಕೈಯ ಕೊಡ ಹಾಗೇ ನಿಂತಿತು.

ಬಸ್ಸು ನಡು ಓಣಿಗೆ ಬಂದು ನಿಂತಿತು. ಮುಂದೆ ಏನೂ ಇರಲಿಲ್ಲ. ಡ್ರೈವರ್ ಹಾರ್ನ್ ಒತ್ತಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿ ಕೇಳಿದ.

"ಯಾಕ್ರಿ ಅಕ್ಕಾರ, ಅವ್ವ ಇವತ್ತ ಬಂದಿಲ್ಲೇನ್ರಿ?"

"ಈಗ ಮಣ್ಣು ಮಾಡಿ ಬಂದ್ರು," ಎಂದಳು ಗಂಗಾಂಬಿಕಾ.

ಅವನು ಎಂಜಿನ್ ಆರಿಸಿದ. ಕಿಟಕಿಗಳಲ್ಲಿ ಅದಿರಿನ ಕೆಂಪು ಧೂಳು ಮೆತ್ತಿದ ಮುಖಗಳು ಹೊರಗೆ ಇಣುಕಿದವು. ಆಟ ನಿಲ್ಲಿಸಿದ ಮಕ್ಕಳು ಈ ಕಡೆ ತಿರುಗಿ ನಿಂತರು. ಬಸ್ಸಿಗೂ ಅವರಿಗೂ ನಡುವೆ ಒಂದು ಹೊರಸಿನಷ್ಟು ಬರೀ ರಸ್ತೆ. ಅದನ್ನು ಯಾರೂ ದಾಟಲಿಲ್ಲ.