ಹೆಪ್ಪಿನ ಫ್ಲಾಪಿ

ಗ್ಯಾನಮ್ಮನಿಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಿಂಧನೂರಿನ ಗದ್ದೆಪ್ಪನವರ ಪ್ರೆಸ್ಸಿನಲ್ಲಿ ಹೊಸ ಕಂಪ್ಯೂಟರು ಬಂದು ಕೂತಿತ್ತು, ಲಗ್ನಪತ್ರಿಕೆಗೆ ಬಂದವರು ಬೆಂಚಿನ ಮೇಲೆ ಕೂತಿದ್ದರು, ಆಪರೇಟರಾದ ಅವಳೊಬ್ಬಳು ಮಾತ್ರ ಕುರ್ಚಿಗೂ ಬಾಗಿಲಿಗೂ ಅಡ್ಡಾಡುತ್ತಿದ್ದಳು. ಪರದೆಯ ಮೇಲೆ ಒಂದೇ ಮಾತು: ಹಳೆಯ ಒರಿಜಿನಲ್ ಫ್ಲಾಪಿ ಹಾಕಿರಿ. ಇದ್ದದ್ದನ್ನು ಹಾಕಿದಳು, ತೆಗೆದಳು, ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಈ ಪೇಚಿಗೆ ಅವಳೇ ಕಾರಣ. ಹಳೆ ಕಂಪ್ಯೂಟರು ಸತ್ತ ಮೇಲೆ ಕನ್ನಡ ಅಕ್ಷರ ಕೂಡಿಸುವ ಸಾಫ್ಟ್‌ವೇರೂ ಹೊಸದೇ ಬೇಕಾಯಿತು. ರಾಯಚೂರಿನ ಅಂಗಡಿಯವನು ಎರಡು ದಾರಿ ಹೇಳಿದ್ದ. ಏನೂ ಇಲ್ಲದವರಿಗೆ ಫುಲ್ ವರ್ಷನ್, ಹಳೆಯದು ಇದ್ದವರಿಗೆ ಅರ್ಧ ಬೆಲೆಗೆ ಅಪ್‌ಗ್ರೇಡ್. ಗದ್ದೆಪ್ಪ ಇವಳ ಮುಖ ನೋಡಿದರು. ಹಳೆಯದು ಇದೆಯಲ್ಲ, ಅಪ್‌ಗ್ರೇಡೇ ಸಾಕು ಎಂದಳು. ಸುಳ್ಳೇನಲ್ಲ, ಇತ್ತು. ಮಸ್ಕಿಯ ದಾದೇಸಾಬರ ಪ್ರೆಸ್ಸಿನಿಂದ ನಕಲು ಮಾಡಿಕೊಂಡು ತಂದದ್ದು. ಅವಳು ಮುಕ್ಕುಂದ ಹಳ್ಳಿಯಲ್ಲಿ ಬೆಳೆದವಳು. ನೆರೆಮನೆಯಿಂದ ಚೂರು ಹೆಪ್ಪು ತಂದು ಹಾಲಿಗೆ ಹಾಕಿದರೆ ಬೆಳಗಿಗೆ ಮೊಸರು ತಮ್ಮದೇ. ಆ ಮೊಸರಿನ ಒರಿಜಿನಲ್ ಯಾರ ಮನೆಯಲ್ಲಿದೆ ಎಂದು ಅವಳ ವಂಶದಲ್ಲೇ ಯಾರೂ ಯಾರನ್ನೂ ಕೇಳಿದ್ದಿಲ್ಲ.

ಗದ್ದೆಪ್ಪ ಕೂಗಾಡುವ ಮನುಷ್ಯನಲ್ಲ, ಅದೇ ಹೆಚ್ಚು ಹೆದರಿಕೆ. ಮೆಲ್ಲಗೆ ಹೇಳಿದರು: "ಸಂಜಿತನಕ ನೋಡ್ತೀನಿ. ಆಗಲಿಲ್ಲಂದ್ರ ಇದನ್ನ ಮಾರಿ, ಮೊಳಿ ಜೋಡಸಾಕ ಮತ್ತ ಅಮೀನ್‌ಸಾಬನ್ನ ಕರೀತೀನಿ."

ಅಮೀನ್‌ಸಾಬ್ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಹಿಂದಿನ ಕಂಪೋಜಿಟರ್. ಅವನು ಬಂದರೆ ಗ್ಯಾನಮ್ಮ ಮರಳಿ ಮುಕ್ಕುಂದಕ್ಕೆ, ಭತ್ತದ ನಾಟಿಗೆ. ಕೆಸರಿಗೆ ಹೇಸುವವಳಲ್ಲ ಅವಳು. ಆದರೆ ಊರೂರಿನ ಮದುವಣಗಿತ್ತಿಯರ ಹೆಸರಿನ ಸುತ್ತ ಬಳ್ಳಿ ಹಬ್ಬಿಸುವ ಆ ಕುರ್ಚಿಯನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಬುತ್ತಿಯನ್ನೂ ಬಿಚ್ಚದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಮಸ್ಕಿಯಲ್ಲಿ ದಾದೇಸಾಬರು ಚಹಾ ತರಿಸಿದರು, ಕಪಾಟು ಜಾಲಾಡಿದರು, ಕೊನೆಗೆ ತಮ್ಮದೂ ನಕಲೇ, ಲಿಂಗಸುಗೂರಿನ ಶೇಖಮ್ಮನ ಟೈಪಿಂಗ್ ಆಫೀಸಿನಿಂದ ತಂದದ್ದು ಎಂದರು. ಇಷ್ಟು ಹೇಳುವುದಕ್ಕೆ ಚಹಾ ಯಾಕೆ ಬೇಕಿತ್ತೋ! ಅರ್ಧ ಕಪ್ ಚಹಾ ಅಲ್ಲೇ ಬಿಟ್ಟು ಮುಂದಿನ ಬಸ್ಸು ಹಿಡಿದಳು. ಸೀಟು ಖಾಲಿ ಇದ್ದರೂ ಬಾಗಿಲ ಕಂಬಿ ಹಿಡಿದು ನಿಂತೇ ಹೋದಳು, ನಿಂತರೆ ಬಸ್ಸು ಬೇಗ ಮುಟ್ಟುತ್ತದೆ ಎಂಬಂತೆ.

ಶೇಖಮ್ಮ ಫುಲ್ ವರ್ಷನ್ನನ್ನೇ ದುಡ್ಡು ಕೊಟ್ಟು ಕೊಂಡವಳು, ಒರಿಜಿನಲ್ ಇದೆ ಎಂದಳು. ಗ್ಯಾನಮ್ಮನಿಗೆ ಹೋದ ಜೀವ ಬಂದಂತಾಯಿತು. ಶೇಖಮ್ಮ ಕೈಕಾಲು ತೊಳೆದು, ಆಫೀಸಿನ ಹಿಂದೆಯೇ ಇದ್ದ ಮನೆಯೊಳಗೆ ಹೋಗಿ, ದೇವರ ಮಾಡದಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಕೆಲಸಕ್ಕ ಒಮ್ಮಿನೂ ಹಚ್ಚಿಲ್ಲ ನೋಡಬೇ, ನಕಲಿನ ಮ್ಯಾಲೇ ನಡಸೀವಿ. ವರ್ಷಾ ವರ್ಷಾ ಆಯುಧಪೂಜಿಗೆ ಇದಕ್ಕ ಮದಲ ಪೂಜಿ."

ಫ್ಲಾಪಿಯ ಮೇಲೆ ಭಂಡಾರದ ಅರಿಸಿನ, ಕುಂಕುಮ ಪದರಪದರವಾಗಿ ಒಣಗಿ ಅಂಟಿತ್ತು. ತಗಡಿನ ಮುಚ್ಚಳ ಸರಿದು ಒಳಗಿನ ಕಪ್ಪು ಹಾಳೆಯೂ ಹಳದಿಯಾಗಿತ್ತು. ಆದರೂ ಆಸೆ ಕೇಳಬೇಕಲ್ಲ, ಒರೆಸಿ ಶೇಖಮ್ಮನ ಯಂತ್ರಕ್ಕೇ ಹಾಕಿ ನೋಡಿದರು. ಅದು ಕರಕರ ಎಂದು ಓದಲಾರೆನೆಂದಿತು. ಗ್ಯಾನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಶೇಖಮ್ಮನ ಮುಖ ನೋಡಿದೊಡನೆ ಇಳಿಯಿತು. ಹೆತ್ತ ಮಗುವಿನಂತೆ ಕಾಪಾಡಿದ್ದನ್ನು ತಾನೇ ಕೆಡಿಸಿದೆನೆಂದು ಆ ಹೆಂಗಸು ಬೆವರುತ್ತಿದ್ದಳು. ಗ್ಯಾನಮ್ಮನ ಕಣ್ಣಲ್ಲಿ ನೀರು ಬಂತು.

ಫ್ಲಾಪಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಶೇಖಮ್ಮ ಅಂದಳು: "ಫುಲ್ ವರ್ಷನ್ನೇ ತರಸ್ರಿ. ನಾಳಿ ನಮ್ಮ ಯಂತ್ರ ಸತ್ತರ ನಮಗೂ ಅದ ಬೇಕಲ್ಲ. ನಮ್ಮ ಪಾಲು ಕೊಡ್ತೀನಿ, ದಾದೇಸಾಬಗೂ ನಾ ಹೇಳ್ತೀನಿ."

ಸಂಜೆ ಗದ್ದೆಪ್ಪ ಪ್ರೆಸ್ಸಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಬಸ್ಸಿನಲ್ಲಿ ಪೋಣಿಸಿಕೊಂಡ ಮಾತೆಲ್ಲ ಗ್ಯಾನಮ್ಮನಿಗೆ ಮರೆತೇಹೋಯಿತು.

"ನಾ ಆರಿಸಿದ್ದು ತಪ್ಪುರೀ. ಅಪ್‌ಗ್ರೇಡು ಹಳೇದರ ಹೆಗಲ ಮ್ಯಾಲೆ ನಿಂದರೂದು. ನಮಗ ಹೆಗಲೇ ಇದ್ದಿಲ್ಲ. ಮೂರೂ ಊರಿನವರು ಕೂಡಿ ಫುಲ್ ವರ್ಷನ್ ತರೂಣು."

ಭಂಡಾರದ ಕತೆಯನ್ನೂ ಹೇಳಿದಳು. ಅವರು ನಗಲಿಲ್ಲ, ಬೈಯಲೂ ಇಲ್ಲ. ಅಮೀನ್‌ಸಾಬನ ಮನೆಯ ಕಡೆ ಒಮ್ಮೆ ನೋಡಿದರು. ಆ ಹೊತ್ತು ಅವಳಿಗೆ ಬಸ್ಸಿನ ದಾರಿಗಿಂತ ಉದ್ದವಾಯಿತು.

"ಒರಿಜಿನಲ್ ಯಾರು ಇಟ್ಕೊಳ್ಳೋರು?"

"ನಾ ಇಟ್ಕೋತೀನ್ರಿ."

"ಆತು," ಎಂದು ಎದ್ದು ಒಳಗೆ ಹೋದರು.

ಫುಲ್ ವರ್ಷನ್ ಬಂದ ದಿನ ಗದ್ದೆಪ್ಪ ಸ್ನಾನ ಮಾಡಿ, ಮಡಿ ಉಟ್ಟು, ಕೈಯಲ್ಲಿ ಭಂಡಾರದ ಬಟ್ಟಲು ಹಿಡಿದೇ ಬಂದರು. ಶೇಖಮ್ಮನ ಕತೆ ಕೇಳಿದ್ದೆಲ್ಲ ಅವರಿಗೆ ಎಲ್ಲಿ ಹೋಗಿತ್ತೋ! ಗ್ಯಾನಮ್ಮ ಅಷ್ಟರಲ್ಲೇ ಫ್ಲಾಪಿಗಳನ್ನು ತೊಳೆದು ಒಣಗಿಸಿದ ತನ್ನ ಬುತ್ತಿಯ ಡಬ್ಬಿಗೆ ಸೇರಿಸಿ, ಅವು ಬಂದಿದ್ದ ರಟ್ಟಿನ ಖಾಲಿ ಪೆಟ್ಟಿಗೆಯನ್ನು ಮಣೆಯ ಮೇಲೆ ಇಟ್ಟಿದ್ದಳು. ಅವರು ಭಂಡಾರ ಹಚ್ಚಿದರು, ಕಾಯಿ ಒಡೆದು ನೀರು ಚಿಮುಕಿಸಿದರು, ಕೈಮುಗಿದರು. ಅವಳೂ ಖಾಲಿ ಪೆಟ್ಟಿಗೆಗೆ ಮನಸ್ಸಿಟ್ಟೇ ಮುಗಿದಳು. ಆಮೇಲೆ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಕುರ್ಚಿಯ ಮೇಲೆ ಕೂತಳು.