ಬಾಗಿಲ ಹೊರಗಿನ ಬೂಟುಗಳು

ಅಬ್ಬಾ ಹೆಸರು ಆ ಮನೆಯ ಗೋಡೆಯ ಮೇಲೆ ಬರುತ್ತದೆ ಎಂಬುದೊಂದೇ ಅಮ್ಮಿಯನ್ನು ಕಾರು ಹತ್ತಿಸಿದ್ದು. ಷಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಸ್ಟರ್ಲಿಂಗ್ ಹೈಟ್ಸ್‌ಗೆ ಮುನ್ನೂರು ಮೈಲಿ. ನಾನು ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಮೆಹ್ವಿಶ್, ಹೆಸರಾಂತ ಕಾದಂಬರಿಗಾರ್ತಿ. ಅವಳ ಪುಸ್ತಕ ಈಗ ಇಲ್ಲಿನ ಹೈಸ್ಕೂಲುಗಳಲ್ಲಿ ಪಾಠ. ಅವಳು ಬೆಳೆದ ಮನೆಗಳನ್ನು ಹುಡುಕಿಕೊಂಡು ಜನ ಬರುತ್ತಾರೆ. ವಾರೆನ್‌ನಲ್ಲಿ ಅವಳು ಹುಟ್ಟಿದಾಗಿದ್ದ ಅಪಾರ್ಟ್‌ಮೆಂಟನ್ನು ಕೆಡವಿ ಪಾರ್ಕಿಂಗ್ ಮಾಡಿದ್ದಾರೆ. ಅಲ್ಲಿಯೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಾಫ್‌ಮನ್ ಎಸ್ಟೇಟ್ಸ್‌ನ ಬಾಡಿಗೆ ಮನೆ ಯಾರಿಗೂ ಬೇಡ. ಎಲ್ಲರಿಗೂ ಬೇಕಿರುವುದು ನಡುವಿನದು, ಸ್ಟರ್ಲಿಂಗ್ ಹೈಟ್ಸ್‌ನದು. ಅಬ್ಬಾ ಕೊಂಡ ಒಂದೇ ಮನೆ, ನಮ್ಮನ್ನು ಓಡಿಸಿದ ಮನೆ.

ಓಡಿಸಿದ್ದು ಬೂಟುಗಳ ನೆಪದಲ್ಲಿ. ರಂಜಾನ್ ಸಂಜೆಗಳಲ್ಲಿ ಅಬ್ಬಾನ ಗೆಳೆಯರು ಉಪವಾಸ ಬಿಡುವ ಗಂಜಿಗೆ ಬರುತ್ತಿದ್ದರು, ಬೂಟು ಬಾಗಿಲ ಹೊರಗೆ ಬಿಡುತ್ತಿದ್ದರು. ಮನೆಯಲ್ಲಿ ಮಸೀದಿ ನಡೆಸುತ್ತಿದ್ದೀರಿ ಎಂದು ಬಡಾವಣೆಯ ಮನೆಮಾಲೀಕರ ಅಸೋಸಿಯೇಷನ್ ನೋಟಿಸ್ ಕಳಿಸಿತು. ಸಾಕ್ಷಿಗೆ ಬೂಟುರಾಶಿಯ ಫೋಟೋ. ಮೇಲಿನಿಂದ ತೆಗೆದದ್ದು. ಎದುರು ಸಾಲಿನಲ್ಲಿ ಮಹಡಿಯಿದ್ದದ್ದು ಅಶ್ವಥ್ ಅಂಕಲ್ ಮನೆಗೆ ಮಾತ್ರ. ಮೈಸೂರಿನವರು. ನಮ್ಮಲ್ಲಿ ಗಂಜಿ ಕುಡಿದವರೇ. ಫೋಟೋದಲ್ಲಿ ಅವರ ಬೂಟು ಇರಲಿಲ್ಲ.

ಆಮೇಲೆ ಬೂಟುಗಳೊಳಗೆ ಯಾರೋ ಕಸ ಸುರಿದರು, ಕಿಟಕಿ ಒಡೆದರು. ಸಭ್ಯ ಜನ, ಮರುದಿನ ಗುಡ್ ಮಾರ್ನಿಂಗ್ ಅಂದರು. ಅಬ್ಬಾ ಮನೆ ಮಾರಿ, ವಾರೆನ್‌ನ ಇಂಜಿನಿಯರ್ ಕೆಲಸ ಬಿಟ್ಟು, ಷಿಕಾಗೋ ಕಡೆ ಒಂದು ಗ್ಯಾಸ್ ಸ್ಟೇಷನ್ನಿನ ಕೌಂಟರಿನಲ್ಲಿ ನಿಂತರು. ನಿಂತಲ್ಲೇ ಮುದುಕರಾದರು. ಹೋದರು.

ಈಗ ಅಶ್ವಥ್ ಅಂಕಲ್ ಅಸೋಸಿಯೇಷನ್ನಿನ ಅಧ್ಯಕ್ಷರು. ಕಾರಿನ ಬಳಿಗೆ ಅವರೇ ಬಂದರು.

"ಬನ್ನಿ ಭಾಭಿ, ಬನ್ನಿ. ಎಷ್ಟು ಸಣ್ಣ ಆಗ್ಬಿಟ್ಟಿದೀರ. ಏನೋ ಸೊಹೈಲ್, ಅಮ್ಮಂಗೆ ಊಟ ಹಾಕ್ತೀಯೋ ಇಲ್ವೋ?"

ಗೋಡೆಯ ಮೇಲೆ ನೀಲಿ ಬಟ್ಟೆ ಮುಚ್ಚಿದ ಫಲಕ, ಪಕ್ಕದಲ್ಲಿ ಇಳಿಬಿಟ್ಟ ಹಗ್ಗ. ಒಂದಿಷ್ಟು ಜನ, ಒಂದು ಕ್ಯಾಮೆರಾ. ಹುಲ್ಲಿನ ಮೇಲೆಲ್ಲ ಗಟ್ಟಿಯಾದ ಹಿಮ. ಮೆಟ್ಟಿಲು ಹತ್ತುತ್ತಲೇ ಅಮ್ಮಿ ಬಗ್ಗಿ ಬೂಟು ಬಿಚ್ಚಿದಳು.

"ಅಯ್ಯೋ, ಈಗಿರೋರು ಶೂಸ್ ಹಾಕ್ಕೊಂಡೇ ಓಡಾಡ್ತಾರೆ. ಹಾಕ್ಕೊಳ್ಳಿ ಭಾಭಿ."

"ಮನೆ ಮಾರಿದ್ದು ನನ್ನ ಕಾಲಿಗಿನ್ನೂ ಗೊತ್ತಿಲ್ಲ," ಅಂದಳು ಅಮ್ಮಿ. ನಗಲಿಲ್ಲ.

ಅಂಕಲ್ ಹಗ್ಗವನ್ನು ಅವಳ ಕೈಗಿಟ್ಟರು. "ಸುಮ್ನೆ ಎಳೀರಿ, ಅಷ್ಟೇ."

"ಏನು ಬರ್ಸಿದೀರ?"

ಅಕ್ಕ ನೆಲ ನೋಡುತ್ತ ಹೇಳಿದಳು. "ಖಾದರ್, ಉಮ್ಮೆ ಕುಲ್ಸುಮ್ ಅವರ ಮಗಳು ಇಲ್ಲಿ ಬೆಳೆದಳು ಅಂತ. ತಂದೆಗೆ ಒಳ್ಳೇ ಕೆಲಸ ಸಿಕ್ಕಿ ಷಿಕಾಗೋಗೆ ಹೋದ್ರು ಅಂತ."

"ಒಳ್ಳೇ ಕೆಲಸ."

"ನಿಜ ಬರೀರಿ ಅಂದೆ ಅಮ್ಮಿ. ಹಾಗಾದ್ರೆ ಫಲಕಾನೇ ಬೇಡ ಅಂದ್ರು. ಅಬ್ಬಾ ಹೆಸರಾದ್ರೂ ಇರ್ಲಿ ಅಂತ ಒಪ್ಕೊಂಡೆ."

"ಹಳೇದೆಲ್ಲ ಯಾಕೆ ಭಾಭಿ," ಅಂಕಲ್ ದನಿ ತಗ್ಗಿಸಿದರು. "ನಾವು ನಾವು ಕನ್ನಡದವರು."

ನನ್ನೊಳಗೆ ಏನೂ ಏಳಲಿಲ್ಲ, ಕೋಪವೂ. ಊರಿಗೆಲ್ಲ ಸತ್ಯ ಬರೆದು ಬಹುಮಾನ ಪಡೆದ ಅಕ್ಕ ಈ ಒಂದು ಗೋಡೆಯೆದುರು ಕಂಬದಂತೆ ನಿಂತಿದ್ದಳು.

ಅಮ್ಮಿ ಹಗ್ಗ ಹಿಡಿದೇ ಎದುರು ಮನೆಯ ಮಹಡಿಯ ಕಿಟಕಿಯನ್ನು ನೋಡಿದಳು. ಅಂಕಲ್ ತಾವೂ ಆ ಕಡೆ ತಿರುಗಿ, ತಟ್ಟನೆ ಕಣ್ಣು ಕೆಳಗಿಳಿಸಿದರು.

"ಅಲ್ಲಿಂದ ನಮ್ಮ ಬಾಗ್ಲು ಚೆನ್ನಾಗಿ ಕಾಣತ್ತೆ, ಅಲ್ವಾ ಅಶ್ವಥಣ್ಣ?"

ಅಂಕಲ್ ಕ್ಯಾಮೆರಾದವನಿಗೆ ತಡಿ ಎಂದು ಕೈ ತೋರಿಸಿದರು.

"ಇವ್ರ ಅಬ್ಬಾ ಹೆಸರೂ ತೆಗೀರಿ," ಎಂದು ಅಮ್ಮಿ ಹಗ್ಗ ಬಿಟ್ಟಳು. ಮೆಟ್ಟಿಲ ಮೇಲೆ ಕೂತು ಬೂಟಿಗೆ ಕಾಲು ತೂರಿಸಿದಳು. ಅಕ್ಕ ಮಂಡಿಯೂರಿ ಲೇಸ್ ಕಟ್ಟಿದಳು. ಕ್ಯಾಮೆರಾದವ ನೀಲಿ ಬಟ್ಟೆಯ ಕಡೆಗೇ ಗುರಿಯಿಟ್ಟು ಕಾಯುತ್ತಿದ್ದ.

ಕಾರು ವಾರೆನ್ ಎಕ್ಸಿಟ್ ದಾಟಿದ ಮೇಲೆ ಅಮ್ಮಿ, "ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಹೀಟರ್ ಕೆಳಗಡೆ ತಿರುಗ್ಸು," ಅಂದಳು.

ತಿರುಗಿಸಿದೆ.